ಮೂಗೊರೆಸಿದ ಕಾಗದ ಎಲ್ಲಿಗೆ ಹೋಗಬೇಕು?

ಮದುವೆ ಊಟದ ಮೇಜಿನಲ್ಲೂ ಪೇಟೆಯ ಹೋಟೆಲುಗಳಲ್ಲೂ ಕಾಣುತ್ತಿದ್ದ ತೆಳು ಕಾಗದ, ಅಂದರೆ ಟಿಶ್ಯೂ, ಈಗ ನಮ್ಮ ಮನೆಗಳಿಗೂ ಬಂದಿದೆ. ಶೀತ, ಕೆಮ್ಮು ಹರಡುವ ಈ ಮಳೆಗಾಲದಲ್ಲಿ ಅದರ ಸರಿಯಾದ ಬಳಕೆಯನ್ನು ತಿಳಿದುಕೊಳ್ಳೋಣ.

ಅಮೆರಿಕಾದ ಕಿಂಬರ್ಲಿ-ಕ್ಲಾರ್ಕ್ ಕಂಪೆನಿಯು 1924ರಲ್ಲಿ ಕ್ಲೀನೆಕ್ಸ್ ಎಂಬ ಹೆಸರಿನಿಂದ ಇದನ್ನು ಮಾರಾಟಕ್ಕೆ ತಂದದ್ದು ಮುಖಕ್ಕೆ ಹಚ್ಚಿದ ಕ್ರೀಮನ್ನು ಒರೆಸಿ ತೆಗೆಯಲಿಕ್ಕೆ. ಜನರು ಅದರಿಂದ ಮೂಗು ಒರೆಸತೊಡಗಿದರು. 1930ರ ದಶಕದಲ್ಲಿ ಕಂಪೆನಿಯೂ ಅದನ್ನು ಬಿಸಾಡುವ ಕರವಸ್ತ್ರವೆಂದೇ ಪ್ರಚಾರ ಮಾಡಿತು.

ಬಿಸಾಡುವುದರಲ್ಲೇ ಇದರ ಪ್ರಯೋಜನವಿದೆ. ಫ್ಲೂ ಜ್ವರದ ವೈರಸ್ ಸ್ಟೀಲು, ಪ್ಲಾಸ್ಟಿಕ್‌ಗಳ ಮೇಲೆ 24ರಿಂದ 48 ಗಂಟೆ, ಬಟ್ಟೆ ಮತ್ತು ಕಾಗದದ ಮೇಲೆ 8ರಿಂದ 12 ಗಂಟೆಯವರೆಗೂ ಬದುಕಿರಬಲ್ಲದು. ಮೂಗೊರೆಸಿದ ಟಿಶ್ಯೂವನ್ನು ಕಿಸೆಯಲ್ಲೋ ದಿಂಬಿನ ಅಡಿಯಲ್ಲೋ ಇಟ್ಟು ಮತ್ತೆ ಬಳಸಿದರೆ ಕೈಗೆ ರೋಗಾಣು ಅಂಟುತ್ತಲೇ ಇರುತ್ತದೆ. ಆ ಕೈಯಿಂದ ಮಗುವನ್ನು ಎತ್ತಿಕೊಳ್ಳುತ್ತೇವೆ, ಅಜ್ಜಿಗೆ ಗಂಜಿ ಬಡಿಸುತ್ತೇವೆ. ನಮಗೆ ನಾಲ್ಕು ದಿನದಲ್ಲಿ ವಾಸಿಯಾಗುವ ಜ್ವರ ಅವರಿಗೆ ನ್ಯುಮೋನಿಯಾ ಆಗಬಹುದು.

ಬಳಸುವ ಕ್ರಮ ಹೀಗೆ:

1. ಕೆಮ್ಮುವಾಗ, ಸೀನುವಾಗ ಬಾಯಿ ಮೂಗು ಎರಡನ್ನೂ ಮುಚ್ಚಬೇಕು. ಟಿಶ್ಯೂ ಇಲ್ಲದಿದ್ದರೆ ಮೊಣಕೈ ಮಡಚಿ ಅಡ್ಡ ಹಿಡಿಯಬೇಕು, ಅಂಗೈ ಬೇಡ.
2. ಒಂದು ಟಿಶ್ಯೂ ಒಂದೇ ಸಲಕ್ಕೆ. ಕೂಡಲೇ ಮುಚ್ಚಳವಿರುವ ಡಬ್ಬಿಗೆ ಹಾಕಬೇಕು.
3. ಅನಂತರ ಸಾಬೂನು ಹಚ್ಚಿ 20 ಸೆಕೆಂಡು ಕೈ ತೊಳೆಯಬೇಕು.

ಇದನ್ನು ಕಕ್ಕಸಿಗೆ ಹಾಕಬಾರದು. ಒದ್ದೆಯಾದರೂ ಹರಿಯದಂತೆ ತಯಾರಿಸಿದ ಕಾಗದವಾದ್ದರಿಂದ ಅದು ನೀರಿನಲ್ಲಿ ಬೇಗ ಕರಗದೆ ಪೈಪನ್ನು ಕಟ್ಟುತ್ತದೆ. ಗೊಬ್ಬರದ ಗುಂಡಿಯಲ್ಲಿ ಮಾತ್ರ ಚೆನ್ನಾಗಿ ಕೊಳೆಯುತ್ತದೆ. ಬಾವಿಯಿಂದ ದೂರವಿರುವ ಗುಂಡಿಗೆ ಹಾಕಿ ಮೇಲೆ ತರಗೆಲೆ, ಮಣ್ಣು ಮುಚ್ಚಿದರಾಯಿತು. ಆದರೆ ಪೊಟ್ಟಣದಲ್ಲಿ ಬರುವ ಒದ್ದೆ ವೈಪ್ಸ್ ಹಲವದರಲ್ಲಿ ಪಾಲಿಯೆಸ್ಟರ್ ನೂಲಿರುವುದರಿಂದ ಅದನ್ನು ತೆಂಗಿನ ಬುಡಕ್ಕಾಗಲಿ ಗೊಬ್ಬರಕ್ಕಾಗಲಿ ಸೇರಿಸಬಾರದು.

ಟಿಶ್ಯೂ ಕೊಳ್ಳಲೇಬೇಕೆಂದೇನೂ ಇಲ್ಲ. ಒಬ್ಬೊಬ್ಬರಿಗೆ ಎರಡು ಮೂರು ಹತ್ತಿಯ ಕರವಸ್ತ್ರವಿದ್ದು, ಪ್ರತಿದಿನ ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿದರೆ ಸಾಕು. ಬಿಸಿಲಿಲ್ಲದ ದಿನ ಇಸ್ತ್ರಿ ಹಾಕಿ ಒಣಗಿಸಬಹುದು. ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ಸೀರೆಯ ಸೆರಗಿನಿಂದ ಮಗುವಿನ ಮೂಗೊರೆಸುವ ಅಭ್ಯಾಸವನ್ನೂ ಬಿಡೋಣ.

ಕೊನೆಯದಾಗಿ, ಕೆಮ್ಮು ಎರಡು ವಾರ ಮೀರಿದರೆ ಟಿಶ್ಯೂವಿನಿಂದ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂರಬಾರದು. ಅದು ಕ್ಷಯರೋಗ ಇರಬಹುದು. ಕ್ಷಯದ ರೋಗಾಣು ಗಾಳಿಯಲ್ಲಿ ಹರಡುವುದರಿಂದ ಮನೆಯ ಕಿಟಕಿಗಳನ್ನು ತೆರೆದಿಡಬೇಕು. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ. ಸಾಮಾನ್ಯವಾಗಿ ಆರು ತಿಂಗಳು, ನಡುವೆ ಬಿಡದೆ ಔಷಧಿ ತೆಗೆದುಕೊಂಡರೆ ರೋಗ ವಾಸಿಯಾಗುತ್ತದೆ. ನೆರೆಮನೆಯಲ್ಲಿ ಹಾಗೆ ಕೆಮ್ಮುವವರಿದ್ದರೆ ದೂರವಿಡದೆ, ನಾವೇ ಜೊತೆಗೆ ಹೋಗಿ ಪರೀಕ್ಷೆ ಮಾಡಿಸೋಣ.