ಹಸಿವು, ಬಡತನ ಮತ್ತು ಕಾಸರಗೋಡಿನ ಕೊರಗರು

ನೀತಿ ಆಯೋಗದ 2023ರ ವರದಿಯಂತೆ ಕೇರಳದ ಬಹುಆಯಾಮ ಬಡತನ ಶೇ. 0.55, ದೇಶದಲ್ಲೇ ಕನಿಷ್ಠ. ಅತಿದಾರಿದ್ರ್ಯದಲ್ಲಿದ್ದ 64,006 ಕುಟುಂಬಗಳನ್ನು ಗುರುತಿಸಿ ನೆರವು ನೀಡಿದ ರಾಜ್ಯ, 2025ರ ನವೆಂಬರ್ 1ರಂದು ತಾನು ಅತಿದಾರಿದ್ರ್ಯಮುಕ್ತವೆಂದು ಘೋಷಿಸಿತು. ಸಾಧನೆ ದೊಡ್ಡದೇ. ಆದರೆ ರಾಜ್ಯದ ಸರಾಸರಿಯಲ್ಲಿ ಸಣ್ಣ ಸಮುದಾಯದ ಒಲೆ ಕಾಣುವುದಿಲ್ಲ. ಕಾಸರಗೋಡಿನ ಉತ್ತರ ಭಾಗದಲ್ಲಿ ಕೊರಗರು ನೆಲೆಸಿದ್ದಾರೆ. ಕಾಡರ್, ಕಾಟ್ಟುನಾಯ್ಕರ್, ಚೋಳನಾಯ್ಕರ್, ಕುರುಂಬರ ಜತೆಗೆ ಇವರೂ ಕೇರಳದ ಐದು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಸೇರಿದವರು. ಬುಟ್ಟಿ ಹೆಣೆಯುವುದು ಇವರ ಕುಲಕಸುಬು. ಪ್ಲಾಸ್ಟಿಕ್ ಬಂದ ಮೇಲೆ ಅದಕ್ಕೆ ಬೇಡಿಕೆ ಕುಗ್ಗಿತು.

ಕಡುಬಡವರ ಅಂತ್ಯೋದಯ ಪಡಿತರ ಕಾರ್ಡಿಗೆ ತಿಂಗಳಿಗೆ 35 ಕಿಲೋ ಧಾನ್ಯ ಸಿಗುವಾಗ ಹಸಿವೆಲ್ಲಿ ಎಂದು ಕೇಳುವವರಿದ್ದಾರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಈ 35 ಕಿಲೋ ಇಡೀ ಕುಟುಂಬಕ್ಕೆ. ಉಳಿದ ಬಡವರ ಆದ್ಯತಾ ಕಾರ್ಡಿನಲ್ಲಿ ತಲೆಗೆ 5 ಕಿಲೋ. ಎಂಟು ಮಂದಿಯ ಮನೆಯಲ್ಲಿ ಅಂತ್ಯೋದಯದವರಿಗೇ ತಲೆಗೆ ಕಡಿಮೆ ಬೀಳುತ್ತದೆ! ಅಕ್ಕಿ ಹೊಟ್ಟೆ ತುಂಬಿಸೀತು. ಬೇಳೆ, ಮೊಟ್ಟೆ, ಮೀನಿಗೆ ನಗದು ಬೇಕು. ಕಸುಬು ಕಳೆದುಕೊಂಡ ಕೊರಗರಲ್ಲಿ ಇಲ್ಲದ್ದು ಅದೇ. ಜಾತಿಯ ಅವಮಾನವೂ ಈ ಬಡತನದ ಬೇರಿನಲ್ಲಿದೆ: ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು, ಕೊರಗರು ನೆಲೆಸಿರುವ ನೆರೆಯ ಕರ್ನಾಟಕ 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು.