ಪಂಜರದಿಂದ ಬಂದ ಗಿಳಿ ಮತ್ತು ಶ್ರಾವಕನ ಮನೆ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಪಾಠಶಾಲೆಯ ಮಕ್ಕಳು ಇವನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಆದರೆ ಪಂಜರದ ಗಿಳಿಯೊಂದರ ಎದುರು ನಿಂತು ಇವನ್ನು ಓದಿಕೊಂಡಾಗ ಅರ್ಥವು ಬೇರೆಯಾಗಿಯೇ ತೋರುತ್ತದೆ. ಕಂಬಿಯೊಳಗೆ ಕೂಡಿದ್ದು ಬಂಧ. ಹಾರದಿರಲೆಂದು ರೆಕ್ಕೆಯ ಗರಿಗಳನ್ನು ಕತ್ತರಿಸಿದ್ದು ಛೇದಕ್ಕೆ ಸಮೀಪವಾದುದು. ವರ್ಷಗಟ್ಟಲೆ ಒಂದೇ ಬಗೆಯ ಒಣ ಕಾಳಿನ ಮೇಲೆ ಇರಿಸಿದ್ದು ಅನ್ನಪಾನನಿರೋಧದಿಂದ ಬಹುದೂರವಿಲ್ಲ. ಗಿಳಿಯು ಸಂಜ್ಞಿ ಪಂಚೇಂದ್ರಿಯ ಜೀವ. ಅದಕ್ಕೆ ಮನಸ್ಸುಂಟೆಂದು ಆಗಮವೇ ಒಪ್ಪುತ್ತದೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಹಣಕ್ಕಾಗಿ ಗಿಳಿ, ಮೈನಾ ಮೊದಲಾದವುಗಳನ್ನು ಸಾಕುವುದನ್ನು ಅಸತೀಪೋಷಣವೆಂಬ ನಿಷಿದ್ಧ ವ್ಯಾಪಾರಗಳಲ್ಲಿ ಸೇರಿಸಿದ್ದಾರೆ. ಕನ್ನಡದ ಗಿಳಿಯಾಗಲಿ, ಮರಾಠಿ ಗುಜರಾತಿಗಳ ಪೋಪಟ್ ಆಗಲಿ, ಎರಡು ಆಮ್ನಾಯಗಳಲ್ಲೂ ಅದರ ವಿಷಯದಲ್ಲಿ ತೀರ್ಪು ಒಂದೇ.

ಹಾಗಿದ್ದರೂ ಪರ್ವದ ದಿನಗಳಲ್ಲಿ ಒಂದು ರೂಢಿ ನಡೆದುಬಂದಿದೆ. ಹಕ್ಕಿ ಮಾರುವವನಿಂದ ಗಿಳಿಗಳನ್ನು ಕೊಂಡು, ಬಸದಿಯ ಮುಂದೆ ಪಂಜರದ ಬಾಗಿಲು ತೆರೆದು ಹಾರಿಬಿಡುವುದು. ಭಾವವು ಶುದ್ಧವೇ, ಸಂದೇಹವಿಲ್ಲ. ಲೆಕ್ಕ ಮಾತ್ರ ತಪ್ಪಾಗಿದೆ. ವ್ಯಾಪಾರ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಗಿರಾಕಿ ಇದ್ದಲ್ಲಿ ಸರಕು ಬರುತ್ತದೆ. ಹಬ್ಬಕ್ಕೆ ಬೇಡಿಕೆ ಇದೆಯೆಂದು ತಿಳಿದ ಬೇಟೆಗಾರನು ಮರದ ಪೊಟರೆಯಿಂದ ಮತ್ತಷ್ಟು ಮರಿಗಳನ್ನು ಎತ್ತಿ ತರುತ್ತಾನೆ. ಹಾರಿಬಿಟ್ಟ ಹಕ್ಕಿಯ ಗತಿಯೂ ಒಳ್ಳೆಯದಲ್ಲ. ಬಹುಕಾಲ ಪಂಜರದಲ್ಲಿದ್ದ ಗಿಳಿಯ ರೆಕ್ಕೆಯ ಸ್ನಾಯುಗಳು ಸೊರಗಿರುತ್ತವೆ, ಆಹಾರ ಹುಡುಕುವ ಅಭ್ಯಾಸ ತಪ್ಪಿರುತ್ತದೆ, ಬೆಕ್ಕನ್ನು ಕಂಡು ಅಂಜಬೇಕೆಂಬುದೂ ಮರೆತಿರುತ್ತದೆ. ಅಂಥದ್ದನ್ನು ಬಿಡುವ ಮೊದಲು ಉದ್ದನೆಯ ದೊಡ್ಡ ಆವರಣದಲ್ಲಿ ಇರಿಸಿ ಹಾರಾಟದ ಶಕ್ತಿಯನ್ನು ಮರಳಿಸಬೇಕಾಗುತ್ತದೆ. ಅದು ಬಲ್ಲವರ ಕೆಲಸ.

ಇಲ್ಲಿ ಕಾನೂನನ್ನೂ ಅರಿತಿರಬೇಕು. ಹಸಿರು ಮೈ, ಕೆಂಪು ಕೊಕ್ಕಿನ ನಮ್ಮ ಸಾಮಾನ್ಯ ಗಿಳಿ, ಭುಜದಲ್ಲಿ ಕೆಂಪು ಮಚ್ಚೆಯುಳ್ಳ ದೊಡ್ಡ ಗಿಳಿ, ಕೆನ್ನೀಲಿ ತಲೆಯ ಗಿಳಿ, ಇವೆಲ್ಲ ಈ ದೇಶದ ಕಾಡುಹಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇವುಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಸಾಕುವುದು ಎಲ್ಲವೂ ಅಪರಾಧ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಇವು ಎರಡನೆಯ ಅನುಸೂಚಿಯಲ್ಲಿವೆ. ಶಿಕ್ಷೆಯು 3 ವರ್ಷದವರೆಗೆ ಸೆರೆವಾಸ, ಇಲ್ಲವೆ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಆದ್ದರಿಂದ ಗಾಯಗೊಂಡ ಇಲ್ಲವೆ ಯಾರೋ ತಂದೊಪ್ಪಿಸಿದ ಊರ ಗಿಳಿಯನ್ನು ದತ್ತು ಪಡೆಯುವ ಪ್ರಶ್ನೆಯೇ ಏಳದು. ಅದನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಮಹಾರಾಷ್ಟ್ರದಲ್ಲಿ ಇದಕ್ಕೆ 1926 ಎಂಬ ಸಹಾಯವಾಣಿ ಇದೆ.

ಮನೆಗೆ ತಂದುಕೊಳ್ಳಬಹುದಾದವು ಬೇರೆ. ಆಸ್ಟ್ರೇಲಿಯಾ ಮೂಲದ ಬಜರಿಗರ್ ಮತ್ತು ಕಾಕಟೀಲ್, ಆಫ್ರಿಕಾ ಮೂಲದ ಲವ್ ಬರ್ಡ್ ಹಾಗೂ ಬೂದು ಗಿಳಿ, ಇವುಗಳನ್ನು ಅಂಗಡಿಯಿಂದ ಕೊಂಡವರು ವರ್ಗವಾದಾಗಲೋ ಬೇಸರವಾದಾಗಲೋ ಕೈಬಿಡುತ್ತಾರೆ. ಈ ನೆಲದಲ್ಲಿ ಬಿಟ್ಟರೆ ಇವು ಬದುಕುವುದು ಕಷ್ಟ. ಆಸರೆ ಕೊಡುವುದೇ ಇಲ್ಲಿ ಜೀವದಯೆ. ಆಫ್ರಿಕದ ಬೂದು ಗಿಳಿಯಂಥವನ್ನು 2024ರ ನಿಯಮದಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಬಜರಿಗರ್ ಮತ್ತು ಕಾಕಟೀಲ್‌ಗಳಿಗೆ ಈ ನೋಂದಣಿ ಬೇಕಿಲ್ಲ. ಒಪ್ಪಿಕೊಳ್ಳುವ ಮೊದಲು ಆಯುಷ್ಯವನ್ನು ಎಣಿಸಬೇಕು. ಕಾಕಟೀಲ್ 15-20 ವರ್ಷ ಬಾಳುತ್ತದೆ. ಬೂದು ಗಿಳಿ 40 ವರ್ಷಕ್ಕೂ ಮೀರಿ ಬಾಳಬಲ್ಲದು. ಅರವತ್ತರ ಯಜಮಾನನು ಅದನ್ನು ತರುವುದಾದರೆ ಮಗ ಸೊಸೆಯರ ಒಪ್ಪಿಗೆಯನ್ನು ಮೊದಲು ಪಡೆಯುವುದು ನ್ಯಾಯ.

ಇಂಥ ಮನೆಗಳಿಗೆ ಬರುವವುಗಳಲ್ಲಿ ಕಾಕಟೀಲ್ ಹಕ್ಕಿಯದೇ ಮಾತು ಹೆಚ್ಚು. ಮೊದಲ ಕೆಲವು ದಿನ ಅದನ್ನು ಮುಟ್ಟಲು ಹೋಗಬಾರದು. ಪಂಜರದ ಒಂದು ಬದಿ ಗೋಡೆಗೆ ತಾಗಿರಲಿ. ನಾಲ್ಕೂ ಕಡೆ ಬಯಲಾದರೆ ಅದು ಬೆದರುತ್ತದೆ. ಎದೆಯ ಗರಿಗಳನ್ನು ತಾನೇ ಕಿತ್ತುಕೊಂಡಿದ್ದರೆ ಅದು ರೋಗವೂ ಇರಬಹುದು, ಒಂಟಿತನದ ದುಃಖವೂ ಇರಬಹುದು. ಗಿಳಿಗಳು ಗುಂಪಿನಲ್ಲಿ ಬಾಳುವ ಜಾತಿ. ಪಂಜರವು ಎರಡೂ ರೆಕ್ಕೆಗಳನ್ನು ಪೂರ್ಣ ಬಿಚ್ಚುವಷ್ಟು ಅಗಲವಿರಬೇಕು, ದಿನಕ್ಕೆ ಕೆಲವು ಗಂಟೆ ಕಿಟಕಿ ಮುಚ್ಚಿದ, ಫ್ಯಾನ್ ನಿಲ್ಲಿಸಿದ ಕೋಣೆಯಲ್ಲಿ ಹೊರಬಿಡಬೇಕು. ಒಂದೇ ದಪ್ಪದ ನುಣುಪು ಕೋಲಿನ ಮೇಲೆ ಸದಾ ಕೂತರೆ ಪಾದ ಹುಣ್ಣಾಗುತ್ತದೆ. ಪೇರಲ, ಬೇವಿನ ಕೊಂಬೆಗಳು ಉತ್ತಮ.

ಆಹಾರದಲ್ಲಿ ಬಹಳ ಜನ ಎಡವುತ್ತಾರೆ. ಸೂರ್ಯಕಾಂತಿ, ಕುಸುಬೆ ಬೀಜಗಳೇ ಊಟವಾದರೆ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ, 'ಎ' ಜೀವಸತ್ತ್ವ ಸಾಲದೆ ರೋಗ ಬರುತ್ತದೆ. ಪುಸ್ತಕಗಳು ಇದಕ್ಕೆ ಗಜ್ಜರಿಯನ್ನು ಹೇಳುತ್ತವೆ. ಕಂದಮೂಲ ವರ್ಜಿಸುವ ಮನೆಗೆ ಸಿಹಿಗುಂಬಳ, ಪಪ್ಪಾಯಿ, ಕೆಂಪು ಡೊಣ್ಣಮೆಣಸು, ನುಗ್ಗೆಸೊಪ್ಪುಗಳಲ್ಲಿ ಅದೇ ಸತ್ತ್ವ ದೊರೆಯುತ್ತದೆ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರು ಆ ನಿಯಮವನ್ನು ಹಕ್ಕಿಯ ಮೇಲೆ ಹೇರಬಾರದು; ವ್ರತವು ಹಿಡಿದವನದು. ಸುಣ್ಣದ ಅಂಶಕ್ಕೆ ಮಾರುವ ಸಮುದ್ರನೊರೆಯು ಪ್ರಾಣಿಜನ್ಯ, ಖನಿಜದ ಬಿಲ್ಲೆಯೂ ಸಿಗುತ್ತದೆ. ಸಿದ್ಧ ಆಹಾರದಲ್ಲಿ ಕೆಲವೊಮ್ಮೆ ಮೊಟ್ಟೆ ಇರುವುದರಿಂದ ಚೀಟಿ ಓದಿ ಕೊಳ್ಳಬೇಕು. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಕಾಫಿ, ಉಪ್ಪಿನ ತಿಂಡಿ ಗಿಳಿಗೆ ವಿಷ. ಮೆಣಸಿನಕಾಯಿಯ ಖಾರ ಅದಕ್ಕೆ ತಿಳಿಯುವುದೇ ಇಲ್ಲ, ಆದುದರಿಂದ ಮೆಣಸು ತಿಂದರೆ ಮಾತು ಕಲಿಯುತ್ತದೆಂಬುದು ಬರಿಯ ನಂಬಿಕೆ. ಸೂರ್ಯಾಸ್ತದ ಬಳಿಕ ಅದು ತಾನಾಗಿಯೇ ಉಣ್ಣುವುದಿಲ್ಲ. ಅಷ್ಟು ಹೊತ್ತಿಗೆ ದೀಪದ ಬೆಳಕು, ಟಿ.ವಿ. ಸದ್ದು ಇಲ್ಲದ ಕಡೆ 10-12 ಗಂಟೆ ನಿದ್ರೆ ಸಿಗಬೇಕು.

ಗಿಳಿಯ ಶ್ವಾಸಾಂಗ ಬಹು ಸೂಕ್ಷ್ಮ. ಅಂಟದ ಲೇಪನದ ಬಾಣಲೆ ಅತಿಯಾಗಿ ಕಾದರೆ ಏಳುವ ಹೊಗೆ ನಿಮಿಷಗಳಲ್ಲಿ ಅದರ ಪ್ರಾಣ ತೆಗೆಯಬಲ್ಲದು. ಧೂಪ, ಅಗರಬತ್ತಿಗಳ ಕೋಣೆಯಲ್ಲಿಯೂ ಪಂಜರವಿಡಬಾರದು.

ಕಾಯಿಲೆಯನ್ನು ಹಕ್ಕಿ ಮರೆಮಾಚುತ್ತದೆ. ತೂಕ ಇಳಿಯುವುದೇ ಮೊದಲ ಸುಳಿವು. ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ ವಾರಕ್ಕೊಮ್ಮೆ, ಬೆಳಗಿನ ಆಹಾರಕ್ಕೆ ಮುನ್ನ ತೂಗಿ ಬರೆದಿಡಬೇಕು. ಕಾಕಟೀಲ್ ಸುಮಾರು 80-100 ಗ್ರಾಂ ತೂಗುತ್ತದೆ. ಹತ್ತರಲ್ಲೊಂದು ಪಾಲು ಇಳಿದರೂ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹೊಸ ಹಕ್ಕಿಯನ್ನು ಮನೆಯ ಇತರ ಹಕ್ಕಿಗಳಿಂದ ಒಂದೂವರೆ ತಿಂಗಳು ಬೇರೆ ಇಡುವುದು ಲೇಸು. ಒಣಗಿದ ಹಿಕ್ಕೆಯ ಧೂಳಿನಿಂದ ಸಿಟಕೋಸಿಸ್ ಎಂಬ ಜ್ವರ ಮನುಷ್ಯರಿಗೂ ತಗಲುತ್ತದೆ. ತಟ್ಟೆಯ ಕಾಗದವನ್ನು ದಿನವೂ ಬದಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆಯಬೇಕು. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಬಂದರೆ ಗಿಳಿ ಇರುವ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಸಮಾಜವು ಒಟ್ಟಾಗಿ ಮಾಡಬಲ್ಲುದಕ್ಕೆ ದಿಲ್ಲಿಯ ಚಾಂದನಿ ಚೌಕದಲ್ಲಿ ಉದಾಹರಣೆ ಇದೆ. ಅಲ್ಲಿಯ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ, ಬೆಳಗಾವಿ ಜಿಲ್ಲೆಯ ಕೋಥಳಿಯವರಾದ ಆಚಾರ್ಯ ದೇಶಭೂಷಣ ಮಹಾರಾಜರ ಪ್ರೇರಣೆಯಿಂದ 1957ರಲ್ಲಿ ನೆಲೆಗೊಂಡ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆಯು ಶುಲ್ಕವಿಲ್ಲದೆ ಚಿಕಿತ್ಸೆ ನೀಡುತ್ತದೆ. ಗುಣವಾದ ಹಕ್ಕಿಯನ್ನು ತಂದವರ ಪಂಜರಕ್ಕೆ ಮರಳಿಸದೆ ಹಾರಿಬಿಡುವುದು ಅಲ್ಲಿಯ ಪದ್ಧತಿ.