ಒಂದು ಸರ್ವರ್, ಹಲವು ಕೈಗಳು: ರಿಮೋಟ್ ಡೆಸ್ಕ್‌ಟಾಪ್ ಪರವಾನಗಿಯ ಪಾಠ

ತರಗತಿ: ದ್ವಿತೀಯ ಪಿಯುಸಿ, ಗಣಕ ವಿಜ್ಞಾನ
ಅವಧಿ: 45 ನಿಮಿಷಗಳ ಎರಡು ತರಗತಿಗಳು
ಪೂರ್ವಜ್ಞಾನ: ಕ್ಲೈಂಟ್–ಸರ್ವರ್ ಜಾಲ, ಸ್ವಾಮ್ಯದ ತಂತ್ರಾಂಶ ಮತ್ತು ಮುಕ್ತ ತಂತ್ರಾಂಶಗಳ ವ್ಯತ್ಯಾಸ

ಜಾಲದ ಘಟಕವನ್ನು ಬೋಧಿಸುವಾಗ ನಾವು ಟೋಪಾಲಜಿ, ಕೇಬಲ್, ಪ್ರೋಟೋಕಾಲ್ ಎಂದು ಮುಂದೆ ಸಾಗುತ್ತೇವೆ. ತಂತ್ರಾಂಶ ಪರವಾನಗಿ ಎಂಬುದು ಎರಡು ಅಂಕದ ವ್ಯಾಖ್ಯೆಯಾಗಿ ಟಿಪ್ಪಣಿ ಪುಸ್ತಕದಲ್ಲಿ ಉಳಿದುಬಿಡುತ್ತದೆ. ಆದರೆ ಇದೇ ವಿದ್ಯಾರ್ಥಿಗಳಲ್ಲಿ ಹಲವರು ಕೆಲವೇ ವರ್ಷಗಳಲ್ಲಿ ಲೆಕ್ಕಪರಿಶೋಧಕರ ಕಚೇರಿಯಲ್ಲೋ ಸಹಕಾರ ಸಂಘದಲ್ಲೋ ನರ್ಸಿಂಗ್ ಹೋಮಿನ ಬಿಲ್ಲಿಂಗ್ ಕೌಂಟರಿನಲ್ಲೋ ಕೂರುತ್ತಾರೆ. ಅಲ್ಲಿ ಕಂಪ್ಯೂಟರ್ ಬಲ್ಲವರು ಅವರೊಬ್ಬರೇ ಆಗಿರುವುದೂ ಉಂಟು. "ಸರ್ವರಿಗೆ ಇನ್ನೂ ಐದು ಜನರನ್ನು ಸೇರಿಸಪ್ಪ" ಎಂದು ಯಜಮಾನರು ಹೇಳಿದ ದಿನ ಟೋಪಾಲಜಿ ಉಪಯೋಗಕ್ಕೆ ಬರುವುದಿಲ್ಲ. ಈ ಕಾರಣದಿಂದಲೇ ಅಭ್ಯಾಸ ಬೋಧನೆಗೆ ಈ ವಿಷಯವನ್ನು ಆರಿಸಿಕೊಂಡೆ. ವಿಂಡೋಸ್ ಸರ್ವರನ್ನು ಉದಾಹರಣೆಯಾಗಿ ಇಟ್ಟುಕೊಂಡೆ, ಏಕೆಂದರೆ ಸಣ್ಣ ಕಚೇರಿಗಳಲ್ಲಿ ವಿದ್ಯಾರ್ಥಿಗಳು ಕಾಣುವುದು ಹೆಚ್ಚಾಗಿ ಅದನ್ನೇ.

ಮೊದಲು ವಿಷಯಾಂಶ. ರಿಮೋಟ್ ಡೆಸ್ಕ್‌ಟಾಪ್ ಎಂದರೆ ತಂತ್ರಾಂಶ ಓಡುವುದು ಸರ್ವರಿನಲ್ಲಿ. ನಮ್ಮ ಮುಂದಿನ ಕಂಪ್ಯೂಟರಿಗೆ ಬರುವುದು ಪರದೆಯ ಚಿತ್ರ ಮಾತ್ರ, ಇಲ್ಲಿಂದ ಹೋಗುವುದು ಕೀಲಿಮಣೆ ಮತ್ತು ಮೌಸಿನ ಚಲನೆ. ಮೈಕ್ರೋಸಾಫ್ಟ್ ಸಂಸ್ಥೆ 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯಾಗಿ ಇದನ್ನು ಹೊರತಂದಿತು. ವಿಂಡೋಸ್ ಸರ್ವರ್ 2008 ಆರ್2ರಿಂದ ಇದರ ಹೆಸರು ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್. ಹಲವು ಬಳಕೆದಾರರನ್ನು ಒಟ್ಟಿಗೆ ಕೂರಿಸುವ ಸರ್ವರನ್ನು ಸೆಷನ್ ಹೋಸ್ಟ್ ಎನ್ನುತ್ತಾರೆ. ಹಳೆಯ, ನಿಧಾನದ ಕಂಪ್ಯೂಟರುಗಳಿದ್ದರೂ ಕೆಲಸ ನಡೆಯುತ್ತದೆ, ಲೆಕ್ಕಪತ್ರವೆಲ್ಲ ಒಂದೇ ಕಡೆ ಇರುತ್ತದೆ. ಕಚೇರಿಗಳು ಇದನ್ನು ಮೆಚ್ಚುವುದು ಇದಕ್ಕೇ.

ಪೀಠಿಕಾ ಪ್ರಶ್ನೆಯಾಗಿ ಹೀಗೆ ಕೇಳಿದೆ: "ಕಚೇರಿಯವರು ದುಡ್ಡು ಕೊಟ್ಟು ವಿಂಡೋಸ್ ಸರ್ವರ್ ಕೊಂಡಿದ್ದಾರೆ. ದೂರದಿಂದ ಎಷ್ಟು ಜನ ಅದರೊಳಗೆ ಕೆಲಸ ಮಾಡಬಹುದು?" ರ‍್ಯಾಮ್ ಇರುವಷ್ಟು, ಪಾಸ್‌ವರ್ಡ್ ಇರುವಷ್ಟು, ನೆಟ್ ವೇಗ ತಡೆಯುವಷ್ಟು ಎಂಬ ಉತ್ತರಗಳು ಬಂದವು. ಎಲ್ಲವೂ ಯಂತ್ರದ ಸಾಮರ್ಥ್ಯದ ಉತ್ತರಗಳೇ. ಯಾರ ಬಾಯಲ್ಲೂ ಅನುಮತಿ ಎಂಬ ಮಾತು ಬರಲಿಲ್ಲ. ಪಾಠದ ದಾರಿಯನ್ನು ಈ ಉತ್ತರಗಳೇ ತೋರಿಸಿಕೊಟ್ಟವು. 'ಆಗುತ್ತದೆ' ಎನ್ನುವುದಕ್ಕೂ 'ಮಾಡಬಹುದು' ಎನ್ನುವುದಕ್ಕೂ ಇರುವ ಅಂತರವನ್ನು ಕಪ್ಪುಹಲಗೆಯ ಎರಡು ಬದಿಗಳಲ್ಲಿ ಬರೆದಿಟ್ಟು ಮುಂದುವರಿದೆ.

ಸರ್ವರ್ ಕೊಂಡಾಗ ಅದರ ಜೊತೆಗೇ ಸಿಗುವುದು ಇಬ್ಬರ ಪ್ರವೇಶ, ಅದೂ ನಿರ್ವಹಣೆಗೆ ಮಾತ್ರ. ಅಪ್‌ಡೇಟ್ ಹಾಕುವುದು, ಬಳಕೆದಾರರ ಖಾತೆ ತೆರೆಯುವುದು, ಬ್ಯಾಕಪ್ ನೋಡುವುದು ಇಂಥ ಕೆಲಸಗಳಿಗೆ. ಆ ಎರಡು ಸೆಷನ್‌ಗಳಲ್ಲಿ ಗುಮಾಸ್ತರು ಕೂತು ಬಿಲ್ ಹೊಡೆಯುವಂತಿಲ್ಲ. "ಇಬ್ಬರೇ ನೌಕರರಿದ್ದರೆ ಏನೂ ಕೊಳ್ಳಬೇಕಿಲ್ಲವಲ್ಲ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಬಹಳ ಕಚೇರಿಗಳು ಮಾಡುವ ಲೆಕ್ಕಾಚಾರವೂ ಇದೇ. ಸರ್ವರ್ ಎಣಿಸುವುದು ತಲೆಗಳನ್ನು. ಪರವಾನಗಿ ಪತ್ರ ನೋಡುವುದು ಅವರು ಮಾಡುವ ಕೆಲಸವನ್ನು.

ದಿನದ ಕೆಲಸಕ್ಕೆ ಬರುವವರಿಗೆ ಎರಡು ಪದರದ ಅನುಮತಿ ಬೇಕು. ಕ್ಲೈಂಟ್ ಆಕ್ಸೆಸ್ ಲೈಸೆನ್ಸ್ ಎಂಬುದನ್ನು ಚಿಕ್ಕದಾಗಿ ಕ್ಯಾಲ್ ಎನ್ನುತ್ತಾರೆ. ಸರ್ವರನ್ನು ಯಾವುದೇ ರೀತಿಯಲ್ಲಿ ಬಳಸಲು ವಿಂಡೋಸ್ ಸರ್ವರ್ ಕ್ಯಾಲ್. ಅದರ ಮೇಲೆ, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬರಲು ಆರ್‌ಡಿಎಸ್ ಕ್ಯಾಲ್. ಮೈಸೂರು ದಸರಾ ವಸ್ತುಪ್ರದರ್ಶನದ ಉದಾಹರಣೆ ಇಲ್ಲಿ ಚೆನ್ನಾಗಿ ಕೂರುತ್ತದೆ: ಬಾಗಿಲಲ್ಲಿ ಪ್ರವೇಶದ ಟಿಕೆಟ್, ಒಳಗೆ ಜಾಯಿಂಟ್ ವೀಲ್‌ಗೆ ಬೇರೆ ಟಿಕೆಟ್. ಜಾಯಿಂಟ್ ವೀಲ್ ಟಿಕೆಟ್ ಇದೆ ಎಂದು ಬಾಗಿಲಲ್ಲಿ ಬಿಡುವುದಿಲ್ಲ. ಇದಕ್ಕೆ ಮೂರು ನಿಮಿಷ ಸಾಕಾಯಿತು.

ಹೆಚ್ಚು ಸಮಯ ಬೇಡುವುದು ಮುಂದಿನ ಹಂತ. ಕ್ಯಾಲ್‌ಗಳಲ್ಲಿ ಎರಡು ಬಗೆ: ಪರ್ ಯೂಸರ್, ಅಂದರೆ ವ್ಯಕ್ತಿಗೆ ಅಂಟಿದ್ದು, ಪರ್ ಡಿವೈಸ್, ಅಂದರೆ ಸಾಧನಕ್ಕೆ ಅಂಟಿದ್ದು. ನಾನು ಬಳಸಿದ ಹೋಲಿಕೆ ಆಟೋದ್ದು. ಚಾಲನಾ ಪರವಾನಗಿ ಚಾಲಕನ ಹೆಸರಲ್ಲಿರುತ್ತದೆ, ಅವನು ಯಾವ ಆಟೋ ಓಡಿಸಿದರೂ ನಡೆಯುತ್ತದೆ. ಪರ್ಮಿಟ್ ಆಟೋಕ್ಕೆ ಸೇರಿದ್ದು, ಹಗಲು ಒಬ್ಬ ರಾತ್ರಿ ಒಬ್ಬ ಓಡಿಸಿದರೂ ಅದೊಂದೇ. ತಕ್ಷಣ ಒಬ್ಬಳು, "ಆಟೋಕ್ಕೆ ಎರಡೂ ಬೇಕಲ್ಲ ಮೇಡಂ" ಎಂದಳು. ನಿಜ. ಆಟೋಕ್ಕೆ ಎರಡೂ ಬೇಕು. ಇಲ್ಲಿ ಪ್ರತಿ ಪದರದಲ್ಲೂ ಎರಡರಲ್ಲಿ ಒಂದಿದ್ದರೆ ಸಾಕು. ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದು ವಿದ್ಯಾರ್ಥಿಯೇ ಹೇಳಿದಾಗ ಪರಿಕಲ್ಪನೆ ಗಟ್ಟಿಯಾಗುತ್ತದೆ. ಆದ್ದರಿಂದ ಈ ಹೋಲಿಕೆಯನ್ನು ಬಳಸುವವರು ಆ ಬಿರುಕನ್ನು ಮೊದಲೇ ಮುಚ್ಚಿಹಾಕದೆ ತರಗತಿಗೆ ಬಿಡುವುದು ಒಳ್ಳೆಯದು.

ಈ ಪಾಠದ ಅತಿ ಹಟಮಾರಿ ತಪ್ಪುಕಲ್ಪನೆ ಎಂದರೆ 'ಏಕಕಾಲಕ್ಕೆ' ಎಂಬುದು. ಇಪ್ಪತ್ತು ನೌಕರರಿದ್ದು ಒಂದು ಸಲಕ್ಕೆ ಐವರೇ ಒಳಗಿದ್ದರೆ ಐದು ಕ್ಯಾಲ್ ಸಾಕೆಂದು ಹೆಚ್ಚುಕಡಿಮೆ ಇಡೀ ತರಗತಿ ಭಾವಿಸಿತ್ತು. ಗ್ರಂಥಾಲಯದಲ್ಲಿ ಐದು ಕುರ್ಚಿ ಇದ್ದಂತೆ ಎಂದು ಒಬ್ಬ ವಿವರಿಸಿದ ಕೂಡ. ಆದರೆ ಆರ್‌ಡಿಎಸ್ ಕ್ಯಾಲ್ ಕುರ್ಚಿಯಲ್ಲ, ಸದಸ್ಯತ್ವದ ಚೀಟಿ. ಪರ್ ಯೂಸರ್ ಆರಿಸಿಕೊಂಡರೆ ವಾರಕ್ಕೊಮ್ಮೆ ಬರುವವರಿಗೂ ಒಂದು ಬೇಕು. ದಿನಕ್ಕೊಬ್ಬರಿಗೆ ಎಂದು ತಿರುಗಿಸುತ್ತಾ ಹೋಗುವ ಹಾಗೂ ಇಲ್ಲ: ಒಬ್ಬರಿಗೆ ಕೊಟ್ಟ ಕ್ಯಾಲನ್ನು ಸಾಮಾನ್ಯವಾಗಿ 90 ದಿನಗಳೊಳಗೆ ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ನೌಕರರು ಕೆಲಸ ಬಿಟ್ಟರೆ, ಯಂತ್ರ ಕೆಟ್ಟುಹೋದರೆ, ರಜೆ ಹಾಕಿದವರ ಜಾಗಕ್ಕೆ ತಾತ್ಕಾಲಿಕವಾಗಿ ಬೇರೊಬ್ಬರು ಬಂದರೆ ವಿನಾಯಿತಿ ಇದೆ.

ಗುಂಪು ಚಟುವಟಿಕೆಗೆ ಎರಡು ಕಚೇರಿಗಳ ವಿವರ ಕೊಟ್ಟು, ಹಲಗೆಯ ಮೇಲೆ 'ಯಾರು?', 'ಯಾವುದರಿಂದ?' ಎಂಬ ಎರಡು ಅಂಕಣ ಎಳೆದೆ. ಮೊದಲನೆಯದು ಡೇಟಾ ಎಂಟ್ರಿ ಕಚೇರಿ: 8 ಕಂಪ್ಯೂಟರ್, ಎರಡು ಪಾಳಿ, ಪಾಳಿಗೆ 8 ಜನರಂತೆ 16 ಮಂದಿ. ಪರ್ ಯೂಸರ್ ಆದರೆ 16, ಪರ್ ಡಿವೈಸ್ ಆದರೆ 8. ಎರಡನೆಯದು ಲೆಕ್ಕಪರಿಶೋಧಕರ ಕಚೇರಿ: 5 ಜನ, ಪ್ರತಿಯೊಬ್ಬರಿಗೂ ಕಚೇರಿಯಲ್ಲೊಂದು ಕಂಪ್ಯೂಟರ್, ಮನೆಯಲ್ಲೊಂದು ಲ್ಯಾಪ್‌ಟಾಪ್, ಅವರಲ್ಲಿ ಇಬ್ಬರಿಗೆ ಟ್ಯಾಬ್ಲೆಟ್ ಕೂಡ. ಇಲ್ಲಿ ಪರ್ ಡಿವೈಸ್ 12, ಪರ್ ಯೂಸರ್ 5. ಗುಂಪುಗಳು ಬೆಲೆ ಕೇಳಲು ಶುರುಮಾಡಿದವು. ಬೆಲೆಯನ್ನು ಬೇಕೆಂದೇ ತಡೆಹಿಡಿದೆ, ಯಾಕೆಂದರೆ ಬೆಲೆ ಮೊದಲು ಬಂದರೆ ಎಣಿಕೆ ನಿಂತುಹೋಗುತ್ತದೆ. ಗಣಿತ ಬೋಧಿಸುವ ಸಹಪಾಠಿಯೊಬ್ಬರು ವೀಕ್ಷಣಾ ಟಿಪ್ಪಣಿಯಲ್ಲಿ ಇದನ್ನು ಗಣ ಮತ್ತು ಸಂಬಂಧಗಳ ಪಾಠಕ್ಕೂ ಬಳಸಬಹುದೆಂದು ಬರೆದರು. ಜನರ ಗಣ, ಸಾಧನಗಳ ಗಣ, ನಡುವೆ ಬಾಣದ ಗುರುತು: ಯಾವ ಗಣ ಚಿಕ್ಕದೋ ಅದನ್ನು ಎಣಿಸು. ಒಳ್ಳೆಯ ಸೂಚನೆ.

ಎರಡನೆಯ ತರಗತಿಯನ್ನು ಪರವಾನಗಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೀಸಲಿಟ್ಟೆ. ಸೆಷನ್ ಹೋಸ್ಟ್ ಸ್ಥಾಪಿಸಿದ ಮೇಲೆ 120 ದಿನಗಳ ರಿಯಾಯಿತಿ ಅವಧಿ ಇದೆ. ಆ ನಾಲ್ಕು ತಿಂಗಳು ಲೈಸೆನ್ಸ್ ಸರ್ವರ್ ಇಲ್ಲದೆಯೂ ಎಲ್ಲರೂ ಒಳಬರುತ್ತಾರೆ, ಎಲ್ಲವೂ ಸರಾಗ. ಸ್ಥಾಪಿಸಿದ ತಂತ್ರಜ್ಞರು ಹಣ ಪಡೆದು ಹೋಗಿರುತ್ತಾರೆ, ಕಚೇರಿ ಮರೆತಿರುತ್ತದೆ. ಅವಧಿ ಮುಗಿದ ಬೆಳಿಗ್ಗೆ ಗುಮಾಸ್ತರಿಗೆ ಬಾಗಿಲು ಮುಚ್ಚಿರುತ್ತದೆ. ನಿರ್ವಾಹಕರು ಮಾತ್ರ ನಿರ್ವಹಣೆಯ ಸೆಷನ್ನಿನಲ್ಲಿ ಒಳಹೋಗಬಹುದು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ ಹೀಗಾದರೆ ಏನಾಗುತ್ತದೆಂದು ಊಹಿಸಲು ಹೇಳಿದೆ. ವಾಣಿಜ್ಯ ವಿಷಯವನ್ನೂ ಓದುತ್ತಿದ್ದ ಮಕ್ಕಳಿಗೆ ವಿವರಣೆ ಬೇಕಾಗಲಿಲ್ಲ.

ಕ್ಯಾಲ್ ಕೊಂಡು ಸ್ಥಾಪಿಸಿದ ಮೇಲೂ ಎರಡು ಬಗೆಗಳ ನಡವಳಿಕೆ ಬೇರೆ ಬೇರೆ. ಪರ್ ಡಿವೈಸ್‌ನಲ್ಲಿ ಹೊಸ ಸಾಧನಕ್ಕೆ ಮೊದಲ ಸಲ ತಾತ್ಕಾಲಿಕ ಪರವಾನಗಿ ಸಿಗುತ್ತದೆ, ಮುಂದಿನ ಸಲ ಬಂದಾಗ ಉಳಿದಿದ್ದರೆ ಪೂರ್ಣ ಪರವಾನಗಿ. ಆ ಸಾಧನ ಮತ್ತೆ ಬರದೇ ಹೋದರೆ 52ರಿಂದ 89 ದಿನಗಳ ನಡುವೆ ಅದು ತಾನಾಗಿ ಸಂಗ್ರಹಕ್ಕೆ ಮರಳುತ್ತದೆ. ಸಂಗ್ರಹ ಖಾಲಿಯಾಗಿದ್ದರೆ ಹೊಸ ಸಾಧನದ ತಾತ್ಕಾಲಿಕ ಅವಧಿ ಮುಗಿದೊಡನೆ ಸರ್ವರ್ ಅದನ್ನು ತಡೆಯುತ್ತದೆ. ಪರ್ ಯೂಸರ್‌ನಲ್ಲಿ ಹಾಗಿಲ್ಲ. ಆಕ್ಟಿವ್ ಡೈರೆಕ್ಟರಿಯ ಮೂಲಕ ಲೆಕ್ಕ ಇಡುತ್ತದೆಯೇ ಹೊರತು, ಐದು ಕೊಂಡು ಒಂಬತ್ತು ಜನ ಬಂದರೂ ಬಾಗಿಲು ಹಾಕುವುದಿಲ್ಲ. ಡೊಮೈನ್ ಇಲ್ಲದೆ ವರ್ಕ್‌ಗ್ರೂಪ್‌ನಲ್ಲೇ ಸರ್ವರ್ ನಡೆಸುವ ಸಣ್ಣ ಕಚೇರಿಗೆ ಪರ್ ಯೂಸರ್ ಹೊಂದುವುದೇ ಇಲ್ಲ. 2019ರ ಆವೃತ್ತಿಯಿಂದ ಈಚೆಗೆ ಅಂಥಲ್ಲಿ 60 ನಿಮಿಷಗಳಲ್ಲಿ ಸೆಷನ್ ಕಡಿದುಹೋಗುತ್ತದೆ. ಅಂಗಡಿಯವರು ಹೇಳಿದ್ದನ್ನು ನಂಬಿ ಕೊಂಡ ಕಚೇರಿ ಗಂಟೆಗೊಮ್ಮೆ ಮತ್ತೆ ಲಾಗಿನ್ ಆಗುತ್ತಾ ಕೂರಬೇಕಾಗುತ್ತದೆ.

"ತಡೆಯುವುದಿಲ್ಲ ಅಂದರೆ ಒಪ್ಪಿಗೆ ಇದೆ ಅಂತ ತಾನೆ?" ಎಂಬ ಪ್ರಶ್ನೆ ಬಂದೇ ಬಂತು. ಹಲಗೆಯ ಎರಡು ಬದಿಗಳಿಗೆ ಮರಳಿದೆ. ಕಂಡಕ್ಟರ್ ಬಂದು ಕೇಳದ ಬಸ್ಸಿನಲ್ಲಿ ಟಿಕೆಟ್ ಬೇಡವೇ ಎಂದು ಒಬ್ಬಳು ಅವನಿಗೆ ಉತ್ತರ ಕೊಟ್ಟಳು, ಅವನು ನಕ್ಕು ಕೂತ. ಇದೇ ಹೊತ್ತಿಗೆ ಇನ್ನೊಂದು ಮಾತೂ ಹೊರಬಂತು. ಸಾಮಾನ್ಯ ವಿಂಡೋಸ್ 11 ಪ್ರೊ ಕಂಪ್ಯೂಟರಿನಲ್ಲೇ ಒಂದು ಕಡತ ಬದಲಿಸಿದರೆ ಹಲವರು ಒಟ್ಟಿಗೆ ರಿಮೋಟಿನಲ್ಲಿ ಬರಬಹುದು, ವಿಡಿಯೊ ನೋಡಿದ್ದೇವೆ ಎಂದರು. ಹಾಗೆ ಮಾಡಿದರೆ ಆಗುತ್ತದೆ, ಸುಳ್ಳಲ್ಲ. ಆದರೆ ಪ್ರೊ ಆವೃತ್ತಿಯ ಪರವಾನಗಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪಿನಿಂದ ಯಾರನ್ನೂ ಒಳಬಿಡುವುದೇ ಇಲ್ಲ. ಅಪರಿಚಿತರು ತಿದ್ದಿದ ವ್ಯವಸ್ಥಾ ಕಡತವನ್ನು ಗ್ರಾಹಕರ ಲೆಕ್ಕಪತ್ರವಿರುವ ಯಂತ್ರಕ್ಕೆ ಹಾಕುವುದು ಪರವಾನಗಿಯ ಪ್ರಶ್ನೆಯಷ್ಟೇ ಅಲ್ಲ, ಭದ್ರತೆಯ ಪ್ರಶ್ನೆಯೂ ಹೌದು. ಇಂಥ ಮಾತು ತರಗತಿಯಲ್ಲಿ ಬಂದರೆ ಗದರಿಸಿ ಸುಮ್ಮನಾಗಿಸುವುದಕ್ಕಿಂತ ಎತ್ತಿಕೊಂಡು ಚರ್ಚಿಸುವುದು ಲೇಸು. ಗೊತ್ತಿರುವುದು ಅವರಿಗೆ ಹೇಗೂ ಗೊತ್ತಿದೆ.

ಉಳಿದ ಅಂಶಗಳನ್ನು ಚಾರ್ಟಿನಲ್ಲಿ ತೋರಿಸಿ ಮುಗಿಸಿದೆ. ಹೊಸ ಆವೃತ್ತಿಯ ಆರ್‌ಡಿಎಸ್ ಕ್ಯಾಲ್ ಹಳೆಯ ಸರ್ವರಿಗೆ ನಡೆಯುತ್ತದೆ, ಹಳೆಯದು ಹೊಸದಕ್ಕೆ ನಡೆಯದು. 2019ರ ಕ್ಯಾಲ್ ಹಿಡಿದು 2022ರ ಸರ್ವರಿಗೆ ಬರಲಾಗದು. ಒಳಗೆ ಓಡುವ ತಂತ್ರಾಂಶಕ್ಕೂ ಅದರದೇ ನಿಯಮವಿದೆ: ಬೆಂಗಳೂರಿನ ಟ್ಯಾಲಿಯಲ್ಲಿ ಸಿಲ್ವರ್ ಒಬ್ಬ ಬಳಕೆದಾರರಿಗೆ, ಗೋಲ್ಡ್ ಹಲವರಿಗೆ. ಲಿನಕ್ಸ್ ಸರ್ವರಿನಲ್ಲಿ ಎಕ್ಸ್‌ಆರ್‌ಡಿಪಿ ಎಂಬ ಮುಕ್ತ ತಂತ್ರಾಂಶ ಬಳಸಿದರೆ ಕ್ಯಾಲ್ ಎಂಬ ಮಾತೇ ಇಲ್ಲ. ಹಾಗಾದರೆ ಎಲ್ಲರೂ ಅದನ್ನೇ ಏಕೆ ಬಳಸುವುದಿಲ್ಲ ಎಂಬುದಕ್ಕೆ, ಕಚೇರಿಯ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ಓಡುವುದಾದರೆ ಆ ಉಳಿತಾಯ ಕಾಗದದ ಮೇಲೇ ಉಳಿಯುತ್ತದೆ ಎಂದು ಉತ್ತರಿಸಿದೆ. ಮುಕ್ತ ತಂತ್ರಾಂಶದ ಪಾಠವನ್ನು ಇದರ ನಂತರ ಇಟ್ಟುಕೊಂಡರೆ ಚರ್ಚೆಗೆ ಒಳ್ಳೆಯ ನೆಲೆ ಸಿಗುತ್ತದೆ.

ಮೌಲ್ಯಮಾಪನಕ್ಕೆ ಕೊಟ್ಟ ಗೃಹಪಾಠ: ಒಂದು ನರ್ಸಿಂಗ್ ಹೋಮಿನಲ್ಲಿ 4 ಬಿಲ್ಲಿಂಗ್ ಕೌಂಟರ್, ತಲಾ ಒಂದು ಕಂಪ್ಯೂಟರ್, ಮೂರು ಪಾಳಿಯಲ್ಲಿ 12 ಗುಮಾಸ್ತರು. ಇಬ್ಬರು ವೈದ್ಯರು ತಮ್ಮ ಕೊಠಡಿಯ ಕಂಪ್ಯೂಟರ್, ಮನೆಯ ಲ್ಯಾಪ್‌ಟಾಪ್ ಮತ್ತು ಫೋನಿನಿಂದ ದಾಖಲೆ ನೋಡುತ್ತಾರೆ. ತಿಂಗಳಿಗೊಮ್ಮೆ ಅಪ್‌ಡೇಟ್ ಹಾಕಲು ಒಬ್ಬ ತಂತ್ರಜ್ಞರು ಬರುತ್ತಾರೆ. ಎಷ್ಟು ಕ್ಯಾಲ್ ಬೇಕು?

ಎಲ್ಲವೂ ಪರ್ ಯೂಸರ್ ಆದರೆ 14, ಎಲ್ಲವೂ ಪರ್ ಡಿವೈಸ್ ಆದರೆ 10. ಕೌಂಟರುಗಳಿಗೆ 4 ಪರ್ ಡಿವೈಸ್, ವೈದ್ಯರಿಗೆ 2 ಪರ್ ಯೂಸರ್ ಎಂದು ಬೆರೆಸಿದರೆ 6. ತಂತ್ರಜ್ಞರದು ನಿರ್ವಹಣೆ, ಆದ್ದರಿಂದ ಸೊನ್ನೆ. ಅಂಕ ಕೊಡುವಾಗ ಗಮನಿಸಬೇಕಾದ್ದು: 6 ಎಂದಷ್ಟೇ ಬರೆದವರಿಗೆ ಪೂರ್ಣ ಅಂಕ ಸಲ್ಲದು. ವಿಂಡೋಸ್ ಸರ್ವರ್ ಕ್ಯಾಲ್ 6, ಆರ್‌ಡಿಎಸ್ ಕ್ಯಾಲ್ 6 ಎಂದು ಎರಡು ಸಾಲು ಇರಬೇಕು. ಒಂದು ಸೆಷನ್ ಹೋಸ್ಟನ್ನು ಯಾವುದಾದರೂ ಒಂದೇ ಬಗೆಗೆ ಹೊಂದಿಸಲು ಸಾಧ್ಯವಿರುವುದರಿಂದ, ಈ ಮಿಶ್ರಣಕ್ಕೆ ಎರಡು ಹೋಸ್ಟ್ ಬೇಕಾಗಬಹುದು ಎಂದು ಯಾರಾದರೂ ಬರೆದಿದ್ದರೆ ಅವರಿಗೆ ಒಂದು ಅಂಕ ಹೆಚ್ಚು.